ಏಳು ನಿಮಿಷ ತಡವಾದರೆ ಸಾಕು

2025ರ ಫೆಬ್ರವರಿ. ರೋಬಸ್ಟಾ ಕುಯ್ಲು ಅರ್ಧಕ್ಕೆ ಬಂದಿತ್ತು. ಸಂಜೆ ಕಣದಲ್ಲಿ ಹರಡಿದ್ದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವ ಹೊತ್ತಿಗೆ ನಮ್ಮ ತೋಟದ ಲೆಕ್ಕ ಬರೆಯುವ ರೈಟರು ಮೊಬೈಲು ಹಿಡಿದುಕೊಂಡು ಬಂದರು. "ಅಣ್ಣ, ಇದು ನಿಜವಾ? 2032ರ ಡಿಸೆಂಬರ್ 22ಕ್ಕೆ ಆಕಾಶದಿಂದ ಬಂಡೆ ಬೀಳುತ್ತಂತೆ. ಮುಂಬಯಿ, ಕೋಲ್ಕತ್ತ ಅಂತೆಲ್ಲ ಹೆಸರು ಹೇಳ್ತಿದ್ದಾರೆ." ಪರದೆ ತುಂಬ ಬೆಂಕಿಯುಂಡೆ, ಹಿನ್ನೆಲೆಗೆ ಎದೆ ನಡುಗಿಸುವ ಡೋಲು. ನಾನು ನೋಡಿ ಮುಗಿಸುವ ಮೊದಲೇ ಅವರು ಲೆಕ್ಕ ಹಾಕಿಬಿಟ್ಟಿದ್ದರು: "ಡಿಸೆಂಬರ್ ಇಪ್ಪತ್ತೆರಡು ಅಂದ್ರೆ ಅರೇಬಿಕಾ ಕುಯ್ಲಿನ ಟೈಮು. ಮೊದಲೇ ಆಳು ಸಿಗಲ್ಲ, ಅದರ ಮೇಲೆ ಇದು."

ಬೆಂಕಿಯುಂಡೆ ಕಂಪ್ಯೂಟರಿನಲ್ಲಿ ಮಾಡಿದ್ದು. ಬಂಡೆ ಮಾತ್ರ ನಿಜ. ಹೆಸರು 2024 ವೈಆರ್4, ಅಡ್ಡಳತೆ ಸುಮಾರು 60 ಮೀಟರ್. 2024ರ ಡಿಸೆಂಬರ್ 27ರಂದು ಚಿಲಿ ದೇಶದಲ್ಲಿರುವ ಅಟ್ಲಾಸ್ ಟೆಲಿಸ್ಕೋಪಿನ ಕಣ್ಣಿಗೆ ಬಿತ್ತು. ಜನವರಿ ಕೊನೆಯ ಹೊತ್ತಿಗೆ ಅದು ಭೂಮಿಗೆ ಬಡಿಯುವ ಸಾಧ್ಯತೆ ನೂರರಲ್ಲಿ ಒಂದನ್ನು ದಾಟಿತು. ಫೆಬ್ರವರಿ 18ಕ್ಕೆ ನಾಸಾ ಲೆಕ್ಕದಲ್ಲಿ ಶೇ 3.1 ಆಯಿತು. ಬಡಿದರೆ ಎಲ್ಲಿ ಎಂಬುದಕ್ಕೆ ನಕ್ಷೆಯಲ್ಲಿ ಎಳೆದ ಪಟ್ಟಿ ಪೂರ್ವ ಪೆಸಿಫಿಕ್‌ನಿಂದ ಶುರುವಾಗಿ ದಕ್ಷಿಣ ಅಮೆರಿಕದ ಉತ್ತರ ಭಾಗ, ಅಟ್ಲಾಂಟಿಕ್, ಆಫ್ರಿಕ, ಅರಬ್ಬೀ ಸಮುದ್ರ ದಾಟಿ ನಮ್ಮ ಉಪಖಂಡದವರೆಗೆ ಬಂದಿತ್ತು. ಮುಂಬಯಿಯ ಹೆಸರು ಬಂದದ್ದು ಹಾಗೆ. ಮತ್ತೊಂದು ವಾರ ಕಳೆಯುವಷ್ಟರಲ್ಲಿ ಆ ಶೇ 3.1 ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಈಗ 2032ರಲ್ಲಿ ಅದು ಭೂಮಿಗೆ ಬಡಿಯುವುದಿಲ್ಲ ಎಂಬುದು ಖಚಿತ.

ಏರುತ್ತಲೇ ಇದ್ದದ್ದು ಹೀಗೆ ಧೊಪ್ಪನೆ ಬಿದ್ದದ್ದು ಕಂಡು ಬಹಳ ಮಂದಿಗೆ ಅನುಮಾನ ಬಂತು. ರೈಟರಿಗೂ ಬಂತು. "ಏನೋ ಮುಚ್ಚಿಡ್ತಿದ್ದಾರೆ ಅಣ್ಣ" ಎಂದರು. ಅವರಿಗೆ ನಾನು ಹೇಳಿದ್ದು ಆನೆ ಲೆಕ್ಕ.

ಕುಯ್ಲಿನ ಕಾಲದಲ್ಲಿ ನಮ್ಮ ಕೊಡಗಿನ ಕಡೆ ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಆನೆ ಎಲ್ಲಿದೆ ಎಂಬ ಮೆಸೇಜನ್ನು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ನಡುವೆ ಎಲ್ಲೋ ಒಂಟಿ ಸಲಗ ಇದೆ ಎಂದು ಬಂತೆನ್ನಿ. ಆ ಸುತ್ತಿನಲ್ಲಿ ನೂರು ತೋಟಗಳಿವೆ ಎಂದುಕೊಂಡರೆ ಅದು ನಮ್ಮ ತೋಟದಲ್ಲಿರುವ ಸಾಧ್ಯತೆ ನೂರರಲ್ಲಿ ಒಂದು. ಅರ್ಧ ಗಂಟೆ ಬಿಟ್ಟು ಇನ್ನೊಂದು ಮೆಸೇಜು: ಹೆಜ್ಜೆ ಸಿಕ್ಕಿದೆ, ಇಂಥ ಮೂವತ್ತು ತೋಟಗಳ ಒಳಗೇ ಇದೆ. ಆ ಮೂವತ್ತರಲ್ಲಿ ನಮ್ಮದೂ ಒಂದು. ಈಗ ಸಾಧ್ಯತೆ ಮೂವತ್ತರಲ್ಲಿ ಒಂದು, ಎಂದರೆ ಮೂರು ಪಟ್ಟು ಹೆಚ್ಚು. ಆನೆ ನಮ್ಮತ್ತ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ನಮ್ಮ ಅಜ್ಞಾನದ ವೃತ್ತ ಸಣ್ಣದಾಯಿತು, ಅಷ್ಟೆ. ಮೂರನೆಯ ಮೆಸೇಜಿನಲ್ಲಿ ಆನೆ ಹೊಳೆಯಾಚೆ ಕಾಣಿಸಿತು ಎಂದು ಬಂದರೆ ಮೂವತ್ತರಲ್ಲಿ ಒಂದು ಇದ್ದದ್ದು ನೇರ ಸೊನ್ನೆ. ನಡುವೆ ಯಾರೂ ಏನನ್ನೂ ಮುಚ್ಚಿಡಲಿಲ್ಲ.

2024 ವೈಆರ್4 ವಿಷಯದಲ್ಲಿ ನಡೆದದ್ದು ಇದೇ. ಹೊಸ ಬಂಡೆ ಕಂಡಾಗ ಕೆಲವೇ ರಾತ್ರಿಗಳ ಚಿತ್ರಗಳಿಂದ ಅದರ ಕಕ್ಷೆ ಲೆಕ್ಕ ಹಾಕಬೇಕು. ಸಾಗುವ ದಾರಿ ಚೆನ್ನಾಗಿಯೇ ಗೊತ್ತಾಗುತ್ತದೆ. ಏಳೆಂಟು ವರ್ಷಗಳ ನಂತರ ಒಂದು ನಿರ್ದಿಷ್ಟ ದಿನ ಆ ದಾರಿಯಲ್ಲಿ ಯಾವ ಜಾಗದಲ್ಲಿರುತ್ತದೆ ಎಂಬುದು ಗೊತ್ತಾಗುವುದಿಲ್ಲ. ಆನೆದಾರಿ ಗೊತ್ತು, ಆನೆ ದಾರಿಯ ಯಾವ ತಿರುವಿನಲ್ಲಿದೆ ಎಂಬುದು ಗೊತ್ತಿಲ್ಲ ಎಂಬಂತೆ. ಹಾಗಾಗಿ ಅನಿಶ್ಚಿತತೆ ಒಂದು ಉದ್ದನೆಯ ಗೆರೆಯ ಆಕಾರದಲ್ಲಿರುತ್ತದೆ, ಆ ಗೆರೆಯ ಮೇಲೆ ಭೂಮಿ ಒಂದು ಚುಕ್ಕಿ. ಹೊಸ ಚಿತ್ರಗಳು ಬಂದಂತೆ ಗೆರೆ ಗಿಡ್ಡವಾಗುತ್ತದೆ, ಚುಕ್ಕಿ ಅದರೊಳಗೇ ಇರುವವರೆಗೂ ಸಾಧ್ಯತೆ ಏರುತ್ತದೆ, ಗೆರೆಯ ತುದಿ ಚುಕ್ಕಿಯನ್ನು ದಾಟಿ ಸರಿದ ದಿನ ಬಿದ್ದುಹೋಗುತ್ತದೆ. ಮುಂದೆ ಇಂಥ ಇನ್ನೊಂದು ಬಂಡೆಯ ಸುದ್ದಿ ಬಂದೇ ಬರುತ್ತದೆ, ಹೆಚ್ಚಿನ ಪಾಲು ಇದೇ ರೀತಿ ಏರಿ ಇಳಿಯುತ್ತದೆ.

ಈ ಬಂಡೆಗಳಿಗೆ ಕನ್ನಡದಲ್ಲಿ ಕ್ಷುದ್ರಗ್ರಹ ಎನ್ನುತ್ತೇವೆ. ಕ್ಷುದ್ರ ಎಂದರೆ ಅಲ್ಪ, ಸಣ್ಣದು. ಆದರೆ ಮಾಟ ಮಂತ್ರಕ್ಕೂ ಕ್ಷುದ್ರ ವಿದ್ಯೆ ಎಂದೇ ಹೇಳುವುದರಿಂದ ಟೀವಿಯವರಿಗೆ ಈ ಹೆಸರು ಬಾಯಿಗೆ ಸಿಕ್ಕಿದ ಬೆಲ್ಲ. ಹೆಚ್ಚಿನವು ಮಂಗಳ ಮತ್ತು ಗುರುವಿನ ನಡುವೆ ತಮ್ಮ ಪಾಡಿಗೆ ಸುತ್ತುತ್ತಿವೆ. ನಮಗೆ ಬೇಕಾದದ್ದು ಭೂಮಿಯ ಕಕ್ಷೆಯ ಹತ್ತಿರ ಸುಳಿಯುವವು ಮಾತ್ರ. ಅಂಥವನ್ನು ಈವರೆಗೆ ಸುಮಾರು 40,000 ಗುರುತಿಸಿ ಪಟ್ಟಿ ಮಾಡಿದ್ದಾರೆ.

ಎಷ್ಟು ದೊಡ್ಡದು ಬಿದ್ದರೆ ಎಷ್ಟು ಹಾನಿ? 10 ಕಿಲೋಮೀಟರಿನದು ಬಿದ್ದದ್ದು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ, ಡೈನೋಸಾರ್‌ಗಳ ಕತೆ ಎಲ್ಲರಿಗೂ ಗೊತ್ತು. ಭೂಮಿಗೆ ಬಡಿಯುವ ದಾರಿಯಲ್ಲಿ ಅಂಥದ್ದು ಈಗ ಇಲ್ಲ, ಇದ್ದಿದ್ದರೆ ಇಷ್ಟರೊಳಗೆ ಕಾಣುತ್ತಿತ್ತು. ನನಗೆ ಹೆಚ್ಚು ಪಾಠ ಹೇಳುವುದು ಸಣ್ಣವು.

2013ರ ಫೆಬ್ರವರಿ 15, ರಷ್ಯಾದ ಚೆಲ್ಯಾಬಿನ್ಸ್ಕ್. ಬೆಳಿಗ್ಗೆ 9 ಗಂಟೆ 20 ನಿಮಿಷ. ಸುಮಾರು 20 ಮೀಟರಿನ ಕಲ್ಲೊಂದು ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ನುಗ್ಗಿತು. ಮಡಿಕೇರಿಯಿಂದ ಮೈಸೂರಿಗೆ ಆರೇ ಸೆಕೆಂಡು ಎಂಬಂಥ ವೇಗ. ಆ ವೇಗದಲ್ಲಿ ಗಾಳಿಯೇ ಗೋಡೆಯಾಗುತ್ತದೆ. ಮುಂದಿನ ಒತ್ತಡ ತಾಳದೆ ಕಲ್ಲು ನೆಲದಿಂದ ಸುಮಾರು 30 ಕಿಲೋಮೀಟರ್ ಮೇಲೆಯೇ ಸಿಡಿದು ಚೂರಾಯಿತು. ಹೊರಬಿದ್ದ ಶಕ್ತಿ ಹಿರೋಷಿಮಾ ಬಾಂಬಿನ ಮೂವತ್ತು ಪಟ್ಟಿನಷ್ಟು. ಸೂರ್ಯನನ್ನು ಮೀರಿಸುವ ಬೆಳಕು ಕಂಡು ಜನ ಏನದು ಎಂದು ಕಿಟಕಿಗೆ ಬಂದು ನಿಂತರು.

ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸುವ ಅಭ್ಯಾಸ ನಮ್ಮ ಮಕ್ಕಳಿಗೂ ಇದೆ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಕಿಲೋಮೀಟರಿಗೆ ತೊಂಬತ್ತು ಸೆಕೆಂಡು, ಓರೆಯಾಗಿ ದೂರವಿದ್ದವರಿಗೆ ಇನ್ನೂ ಹೆಚ್ಚು. ಆ ಒಂದೂವರೆ ಎರಡು ನಿಮಿಷ ಎಲ್ಲರೂ ಕಿಟಕಿಯ ಗಾಜಿಗೆ ಮುಖ ಕೊಟ್ಟು ಆಕಾಶದಲ್ಲಿ ಹೊಗೆಯ ಗೆರೆ ನೋಡುತ್ತಿದ್ದರು. ಆಮೇಲೆ ಬಂತು ಸದ್ದಿನ ಹೊಡೆತ. 7,000ಕ್ಕೂ ಹೆಚ್ಚು ಕಟ್ಟಡಗಳು ಜಖಂ ಆದವು, ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರಿಗೆ ತಾಗಿದ್ದು ಗಾಜು. ಒಂದು ಶಾಲೆಯಲ್ಲಿ ಶಿಕ್ಷಕಿಯೊಬ್ಬರು ಬೆಳಕು ಕಂಡ ಕೂಡಲೇ 44 ಮಕ್ಕಳನ್ನು ಡೆಸ್ಕಿನ ಕೆಳಗೆ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ, ಅವರಿಗೇ ಗಾಜು ಕುಯ್ಯಿತು. ಇಡೀ ಲೇಖನದಲ್ಲಿ ಮನೆಯವರೆಲ್ಲ ನೆನಪಿಡಬೇಕಾದ ಒಂದು ಮಾತಿದ್ದರೆ ಇದೇ: ಆಕಾಶದಲ್ಲಿ ಅಂಥ ಬೆಳಕು ಕಂಡರೆ ಕಿಟಕಿಯಿಂದ ದೂರ ಹೋಗಿ.

ಇದಕ್ಕಿಂತ ಎರಡು ಮೂರು ಪಟ್ಟು ಅಗಲದ್ದು 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕಾ ಕಾಡಿನ ಮೇಲೆ ಸಿಡಿಯಿತು. ನೆಲದಲ್ಲಿ ಗುಂಡಿ ಬೀಳಲಿಲ್ಲ. ಆದರೆ 2,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಮಲಗಿತು. ಕೊಡಗು ಜಿಲ್ಲೆಯ ಒಟ್ಟು ವಿಸ್ತೀರ್ಣ 4,102 ಚದರ ಕಿಲೋಮೀಟರ್. ಅರ್ಧ ಜಿಲ್ಲೆಯ ಸಿಲ್ವರ್ ಓಕು, ಹಲಸು, ಬಳಂಜಿ, ಅದಕ್ಕೆ ಹಬ್ಬಿದ ಕರಿಮೆಣಸು ಎಲ್ಲವೂ ಸಿಡಿದ ಜಾಗದಿಂದ ಹೊರಮುಖವಾಗಿ ತಲೆ ಹಾಕಿ ಮಲಗಿದ್ದನ್ನು ಊಹಿಸಿಕೊಳ್ಳಿ. 2024 ವೈಆರ್4 ಈ ಜಾತಿಯದು. ಭೂಮಿ ಮುಳುಗುತ್ತದೆ ಎಂದ ವಿಡಿಯೊ ಸುಳ್ಳು, ಅದೇನು ದೊಡ್ಡದಲ್ಲ ಬಿಡಿ ಎಂದವರ ಮಾತೂ ಪೂರ್ತಿ ಸರಿಯಲ್ಲ.

ಇನ್ನು ತಡೆಯುವ ಮಾತು. ಇಲ್ಲಿ ಜನ ಮೊದಲು ಕೇಳುವುದು, ಬಾಂಬು ಹಾಕಿ ಪುಡಿ ಮಾಡಬಾರದೇ ಎಂದು. ಕೋವಿ ಹಿಡಿದವರಿಗೆ ಉತ್ತರ ಬೇಗ ತಿಳಿಯುತ್ತದೆ. ಹತ್ತಿರ ಬಂದ ಮೇಲೆ ಒಡೆದರೆ ಒಂಟಿ ಗುಂಡಿನ ಬದಲು ಚರೆ ಬಂದಂತೆ. ತುಂಡುಗಳೆಲ್ಲ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಬರುತ್ತವೆ. ಅದಕ್ಕಿಂತ ಸುಲಭದ ಉಪಾಯ ಬಂಡೆಯನ್ನು ಸ್ವಲ್ಪ ತಡವಾಗಿಸುವುದು.

ಎಷ್ಟು ತಡ? ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತಿದೆ. ಅದರ ವ್ಯಾಸ 12,742 ಕಿಲೋಮೀಟರ್. ಭಾಗಿಸಿ ನೋಡಿ, 425 ಸೆಕೆಂಡು. ಏಳು ನಿಮಿಷದಲ್ಲಿ ಭೂಮಿ ತಾನಿದ್ದ ಜಾಗವನ್ನು ಪೂರ್ತಿ ಖಾಲಿ ಮಾಡಿಕೊಂಡು ಮುಂದೆ ಹೋಗಿರುತ್ತದೆ. ಇದಕ್ಕೆ ಎಲ್ಲರೂ ರೈಲ್ವೆ ಗೇಟಿನ ಉದಾಹರಣೆ ಕೊಡುತ್ತಾರೆ. ನಮ್ಮ ಜಿಲ್ಲೆಗೆ ರೈಲೇ ಬಂದಿಲ್ಲ, ಆದ್ದರಿಂದ ಮತ್ತೆ ಆನೆಗೇ ಬರುತ್ತೇನೆ. ಆನೆ ರಸ್ತೆ ದಾಟುವ ಜಾಗಕ್ಕೆ ನೀವು ಬೈಕಿನಲ್ಲಿ ಬರುತ್ತಿದ್ದೀರಿ. ಆನೆಯನ್ನು ಹೊಡೆದುರುಳಿಸಬೇಕಿಲ್ಲ, ದಾರಿ ತಪ್ಪಿಸಲೂ ಬೇಕಿಲ್ಲ. ಅದು ಒಂದು ಹಲಸಿನ ಮರದ ಬುಡದಲ್ಲಿ ಏಳು ನಿಮಿಷ ನಿಂತರೆ ನೀವು ಮನೆ ಸೇರಿರುತ್ತೀರಿ.

ಹತ್ತು ವರ್ಷ ಮೊದಲೇ ಗೊತ್ತಾದರೆ ಈ ತಡಕ್ಕೆ ಬೇಕಾದ ನೂಕು ನಗು ಬರಿಸುವಷ್ಟು ಸಣ್ಣದು. ಬಂಡೆಯ ವೇಗವನ್ನು ಸೆಕೆಂಡಿಗೆ ಒಂದೇ ಸೆಂಟಿಮೀಟರ್, ಇರುವೆಯ ನಡಿಗೆಯಷ್ಟು, ಬದಲಿಸಿದಿರಿ ಎನ್ನಿ. ಹತ್ತು ವರ್ಷಕ್ಕೆ 31 ಕೋಟಿಗೂ ಹೆಚ್ಚು ಸೆಕೆಂಡುಗಳು. ಬರೀ ಗುಣಾಕಾರದಲ್ಲೇ 3,000 ಕಿಲೋಮೀಟರ್ ದಾಟುತ್ತದೆ. ನಿಜದಲ್ಲಿ ಇನ್ನೂ ಹೆಚ್ಚು: ವೇಗ ಬದಲಾದರೆ ಕಕ್ಷೆಯ ಸುತ್ತಿನ ಅವಧಿಯೂ ಬದಲಾಗುತ್ತದೆ, ಒಂದೊಂದು ಸುತ್ತಿಗೂ ವ್ಯತ್ಯಾಸ ಬಡ್ಡಿಯಂತೆ ಸೇರುತ್ತ ಹೋಗಿ ಸುಮಾರು ಮೂರು ಪಟ್ಟಾಗುತ್ತದೆ. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್, ಅಷ್ಟು ಸರಿದರೆ ಪಾರಾದಂತೆ. ಅದೇ ಬಂಡೆ ಒಂದು ವಾರ ಮೊದಲು ಗೊತ್ತಾದರೆ ಸೆಕೆಂಡಿಗೆ ಹತ್ತು ಮೀಟರಿನ ಬದಲಾವಣೆ ಬೇಕು, ಸಾವಿರ ಪಟ್ಟು ದೊಡ್ಡ ನೂಕು. ಅಂಥ ಯಂತ್ರ ಯಾರ ಹತ್ತಿರವೂ ಇಲ್ಲ.

ಸಣ್ಣ ನೂಕನ್ನು ಕೊಡಬಲ್ಲೆವೇ ಎಂಬುದನ್ನು ಮಾತ್ರ ನಾಸಾ ಮಾಡಿ ತೋರಿಸಿದೆ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದಿನಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿದವರಿಗೆ ನೌಕೆಯನ್ನು ಬಂಡೆಗೆ ಗುದ್ದಿಸುವ ಆ ಡಾರ್ಟ್ ಯೋಜನೆ ಅರ್ಥವಾಗಲು ಕಷ್ಟವಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಕಾಯಿ 1 ಕೋಟಿ 10 ಲಕ್ಷ ಕಿಲೋಮೀಟರ್ ದೂರದಲ್ಲಿತ್ತು, ಗುಂಡಿಗೇ ಕಣ್ಣಿತ್ತು. ಡಿಡಿಮೋಸ್ ಎಂಬ ಸುಮಾರು 780 ಮೀಟರಿನ ಬಂಡೆ, ಅದರ ಸುತ್ತ ಉಪಗ್ರಹದಂತೆ ಸುತ್ತುವ ಡೈಮಾರ್ಫೋಸ್ ಎಂಬ ಸುಮಾರು 160 ಮೀಟರಿನ ಮರಿಬಂಡೆ. ಗುರಿ ಈ ಮರಿ. ಎರಡರಿಂದಲೂ ಭೂಮಿಗೆ ಅಪಾಯವಿಲ್ಲ, ಅದಕ್ಕೇ ಆರಿಸಿಕೊಂಡದ್ದು. 2021ರ ನವೆಂಬರ್ 24ರಂದು ಹೊರಟ ನೌಕೆ ನಮ್ಮ ಗಡಿಯಾರದಲ್ಲಿ 2022ರ ಸೆಪ್ಟೆಂಬರ್ 27ರ ಬೆಳಗಿನ ಜಾವ 4.44ಕ್ಕೆ ಹೋಗಿ ಗುದ್ದಿತು.

ಕೊನೆಯ ಗಂಟೆಯವರೆಗೂ ನೌಕೆಯ ಕ್ಯಾಮೆರಾಗೆ ಮರಿ ಬೇರೆಯಾಗಿ ಕಾಣುತ್ತಲೇ ಇರಲಿಲ್ಲ. ತಾಯಿಯ ಪಕ್ಕ ಒಂದು ಮಸುಕು ಚುಕ್ಕಿ ಮೂಡಿದ ಮೇಲೆ ನೌಕೆ ತನ್ನಷ್ಟಕ್ಕೆ ತಾನೇ ಅದರ ಕಡೆ ತಿರುಗಿಕೊಂಡಿತು. ಸೆಕೆಂಡಿಗೊಂದು ಚಿತ್ರ. ಚುಕ್ಕಿ ಮೊಟ್ಟೆಯಾಯಿತು, ಮೊಟ್ಟೆಯ ಮೇಲೆ ಕಲ್ಲುಗಳು ಕಂಡವು, ಆಮೇಲೆ ಪರದೆ ತುಂಬ ಬರೀ ಜಲ್ಲಿ. ಕೊನೆಯ ಚಿತ್ರದ ಒಂದು ತುಣುಕಷ್ಟೇ ಬಂತು, ಉಳಿದದ್ದನ್ನು ಕಳಿಸುವಷ್ಟರಲ್ಲಿ ಕಳಿಸುವವನೇ ಇರಲಿಲ್ಲ.

570 ಕಿಲೋ ಚಿಲ್ಲರೆ ತೂಕದ ನೌಕೆ ಸೆಕೆಂಡಿಗೆ 6 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಗುದ್ದಿದ್ದು ಸುಮಾರು 43 ಲಕ್ಷ ಟನ್ ಬಂಡೆಗೆ. ಮೊದಲು 11 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ಹಾಕುತ್ತಿದ್ದ ಮರಿ ಈಗ ಸುಮಾರು 33 ನಿಮಿಷ ಬೇಗ ಸುತ್ತುತ್ತದೆ. 73 ಸೆಕೆಂಡು ಬದಲಾದರೂ ಯಶಸ್ಸು ಎಂದು ಮೊದಲೇ ಬರೆದಿಟ್ಟುಕೊಂಡಿದ್ದರು. ಇಷ್ಟೊಂದು ಹೇಗೆ? ಉತ್ತರ ಮತ್ತೆ ಕೋವಿಯಲ್ಲಿದೆ. ಗುಂಡು ಮುಂದೆ ಹೋದಾಗ ಭುಜಕ್ಕೆ ಒದೆ ಬೀಳುತ್ತದೆ. ನೌಕೆ ಗುದ್ದಿದ ಜಾಗದಿಂದ ಭಾರಿ ಪ್ರಮಾಣದ ದೂಳು ಕಲ್ಲು ಹಿಂದಕ್ಕೆ ಚಿಮ್ಮಿತು, ಆ ಚಿಮ್ಮುವಿಕೆಯ ಒದೆ ಬಂಡೆಗೆ ಬಿತ್ತು. ಬರೀ ಡಿಕ್ಕಿಯಿಂದ ಸಿಗಬೇಕಿದ್ದ ನೂಕಿಗಿಂತ ಸಿಕ್ಕಿದ ಒಟ್ಟು ನೂಕು ಸುಮಾರು 3.6 ಪಟ್ಟು. ಆದರೂ ಮರಿಯ ವೇಗದಲ್ಲಿ ಆದ ಬದಲಾವಣೆ ಸೆಕೆಂಡಿಗೆ 2.7 ಮಿಲಿಮೀಟರ್ ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಡೈಮಾರ್ಫೋಸ್ ಒಂದೇ ಇಡೀ ಬಂಡೆಯಲ್ಲ, ಕಲ್ಲು ಜಲ್ಲಿ ಸಡಿಲವಾಗಿ ಕೂಡಿಕೊಂಡ ರಾಶಿ. ಗಟ್ಟಿ ಕಬ್ಬಿಣದಂಥದ್ದಕ್ಕೆ ಗುದ್ದಿದರೆ ಅಷ್ಟು ದೂಳೇಳಲಿಕ್ಕಿಲ್ಲ, ಒದೆಯೂ ಕಡಿಮೆ. ಅದನ್ನೆಲ್ಲ ಹತ್ತಿರ ನಿಂತು ಅಳೆಯಲು ಯುರೋಪಿನ ಹೆರಾ ನೌಕೆ 2024ರ ಅಕ್ಟೋಬರ್ 7ರಂದು ಹೊರಟಿದೆ, 2026ರ ಕೊನೆಗೆ ಅಲ್ಲಿ ತಲುಪುವ ಲೆಕ್ಕ. ಗುದ್ದದೆ ಪಕ್ಕದಲ್ಲೇ ಭಾರದ ನೌಕೆ ನಿಲ್ಲಿಸಿ ಗುರುತ್ವದಿಂದ ನಿಧಾನ ಎಳೆಯುವ ಉಪಾಯ, ಸ್ವಲ್ಪ ದೂರದಲ್ಲಿ ಪರಮಾಣು ಸ್ಫೋಟ ಮಾಡಿ ಮೇಲ್ಮೈ ಆವಿಯಾಗುವ ರಭಸದಿಂದ ನೂಕುವ ಉಪಾಯ ಎರಡೂ ಕಾಗದದ ಮೇಲಿವೆ. ಎರಡನೆಯದಕ್ಕೆ 1967ರ ಬಾಹ್ಯಾಕಾಶ ಒಪ್ಪಂದವೂ ಅಡ್ಡ ಬರುತ್ತದೆ, ಪರಮಾಣು ಅಸ್ತ್ರವನ್ನು ಬಾಹ್ಯಾಕಾಶದಲ್ಲಿ ಇಡುವಂತಿಲ್ಲ.

ಎಲ್ಲಕ್ಕೂ ಮೊದಲು ಬಂಡೆ ಕಣ್ಣಿಗೆ ಬೀಳಬೇಕಲ್ಲ. ಒಂದು ಕಿಲೋಮೀಟರಿಗಿಂತ ದೊಡ್ಡವನ್ನು ಹೆಚ್ಚುಕಡಿಮೆ ಎಲ್ಲವನ್ನೂ ಹುಡುಕಿ ಆಗಿದೆ. 140 ಮೀಟರಿಗಿಂತ ದೊಡ್ಡವು ಒಟ್ಟು ಸುಮಾರು 25,000 ಇರಬಹುದೆಂದು ಅಂದಾಜು, ಸಿಕ್ಕಿರುವುದು ಅರ್ಧಕ್ಕೂ ಕಡಿಮೆ. ತುಂಗುಸ್ಕಾ ಅಳತೆಯವಂತೂ ಬಹುಪಾಲು ಪಟ್ಟಿಯಲ್ಲಿಲ್ಲ. ಎರಡು ತೊಂದರೆ. ಒಂದು, ಹಲವು ಬಂಡೆಗಳು ಇದ್ದಿಲಿನಷ್ಟು ಕಪ್ಪು. ಕತ್ತಲಲ್ಲಿ ಕಾಫಿ ಗಿಡದ ಮರೆಗೆ ನಿಂತ ಆನೆ ಹತ್ತು ಹೆಜ್ಜೆಯಲ್ಲೂ ಕಾಣುವುದಿಲ್ಲ, ಅದಕ್ಕೇ ಅರಣ್ಯ ಇಲಾಖೆಯವರು ಈಗ ಮೈಯ ಬಿಸಿ ಹಿಡಿಯುವ ಥರ್ಮಲ್ ಡ್ರೋನು ಹಾರಿಸುತ್ತಾರೆ. ನಾಸಾ ಸಿದ್ಧಪಡಿಸುತ್ತಿರುವ ನಿಯೋ ಸರ್ವೇಯರ್ ಟೆಲಿಸ್ಕೋಪ್ ಮಾಡುವುದೂ ಅದನ್ನೇ, ಬಂಡೆಯ ಹೊಳಪಿನ ಬದಲು ಬಿಸಿಯನ್ನು ನೋಡುವುದು. ಎರಡು, ಸೂರ್ಯನ ದಿಕ್ಕಿನಿಂದ ಬರುವವು. ಚೆಲ್ಯಾಬಿನ್ಸ್ಕ್ ಕಲ್ಲು ಬಂದದ್ದು ಆ ಕಡೆಯಿಂದ. 2020ರ ಆಗಸ್ಟ್ 16ರಂದು ಒಂದು ಕಾರಿನಷ್ಟು ದೊಡ್ಡ ಕಲ್ಲು ದಕ್ಷಿಣ ಹಿಂದೂ ಮಹಾಸಾಗರದ ಮೇಲೆ 2,950 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು, ಯಾರಿಗೂ ತಿಳಿಯಲಿಲ್ಲ. ಆರು ಗಂಟೆ ಕಳೆದು ಅಮೆರಿಕದ ಟೆಲಿಸ್ಕೋಪ್ ತೆಗೆದ ಚಿತ್ರಗಳಲ್ಲಿ ಅದನ್ನು ಗುರುತಿಸಿದವರಲ್ಲಿ ಮುಂಬಯಿ ಐಐಟಿಯ ವಿದ್ಯಾರ್ಥಿಗಳಿದ್ದರು.

ನಮ್ಮವರು ಈ ಕೆಲಸಕ್ಕೆ ಹೊಸಬರಲ್ಲ. 1861ರಲ್ಲೇ ಮದರಾಸಿನ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಒಂದು ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೆ ಏಷ್ಯಾ ಎಂದು ಹೆಸರಿಟ್ಟರು. 1988ರ ಫೆಬ್ರವರಿ 17ರಂದು ತಮಿಳುನಾಡಿನ ಕಾವಲೂರಿನಲ್ಲಿ ಆರ್. ರಾಜಮೋಹನ್ ಅವರ ತಂಡ ಇನ್ನೊಂದನ್ನು ಕಂಡುಹಿಡಿಯಿತು, ಅದೀಗ 4130 ರಾಮಾನುಜನ್. ಕ್ಷುದ್ರಗ್ರಹ ಹುಡುಕುವ ಆ ಯೋಜನೆಗೆ ಇಟ್ಟಿದ್ದ ಹೆಸರು ಕಲ್ಕಿ. ಪ್ರಳಯದ ವಿಷಯಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನೆಲ್ಲಿ ಸಿಗಬೇಕು.

ಸಣ್ಣದೊಂದು ಬಂಡೆ ತಡವಾಗಿ ಕಂಡರೆ ರಾಕೆಟ್ಟಿನ ಮಾತೇ ಬರುವುದಿಲ್ಲ. ಆಗ ಉಳಿಯುವುದು ಜನರನ್ನು ಖಾಲಿ ಮಾಡಿಸುವುದು. 10 ಮೀಟರಿಗಿಂತ ದೊಡ್ಡದು ಬಡಿಯುವ ಸಾಧ್ಯತೆ ಶೇ 1 ದಾಟಿದರೆ ಅಂತರರಾಷ್ಟ್ರೀಯ ಜಾಲವೊಂದು ವಿಶ್ವಸಂಸ್ಥೆಯ ಮೂಲಕ ದೇಶಗಳಿಗೆ ತಿಳಿಸಬೇಕು. 2025ರ ಜನವರಿಯಲ್ಲಿ ಆ ಸೂಚನೆ ಹೊರಟಿತ್ತು. ಆದರೆ ಸೂಚನೆ ಊರಿನ ಕೊನೆಯಲ್ಲಿ ತೋಟದ ಕೆಲಸಗಾರರಿರುವ ಲೈನ್ ಮನೆಗೆ ತಲುಪುವುದು ಬೇರೆಯದೇ ವಿದ್ಯೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ಬಂದಾಗ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ರಸ್ತೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಳೆಯ ಮುನ್ಸೂಚನೆ ಎಲ್ಲರೂ ಕೇಳಿದ್ದೆವು, ಯಾವ ಗುಡ್ಡ ಎಂದು ಹೇಳುವವರಿರಲಿಲ್ಲ. ಬಂಡೆಯ ವಿಷಯದಲ್ಲಿ ದಿನ, ಗಂಟೆ, ಜಾಗ ಎಲ್ಲವನ್ನೂ ಹೇಳಬಲ್ಲವರಿದ್ದಾರೆ. ನನಗೆ ಅಳುಕು ಇರುವುದು ಟೆಲಿಸ್ಕೋಪಿನ ಬಗ್ಗೆಯಲ್ಲ, ಅಲ್ಲಿಂದ ಇಲ್ಲಿಯವರೆಗಿನ ಆ ಕೊನೆಯ ತಂತಿಯ ಬಗ್ಗೆ.

ಇದನ್ನೆಲ್ಲ ಕೇಳಿದ ರೈಟರು ಮುಂದಿನದು ಯಾವಾಗ ಎಂದರು. ದಿನಾಂಕ ಹೇಳಿದೆ. 2004ರಲ್ಲಿ ಕಂಡ ಅಪೊಫಿಸ್, ಸುಮಾರು 340 ಮೀಟರಿನದು, ಒಂದು ಕಾಲಕ್ಕೆ ಶೇ 2.7 ಸಾಧ್ಯತೆ ಹೊತ್ತು ಎಲ್ಲರ ನಿದ್ದೆ ಕೆಡಿಸಿತ್ತು. 2021ರ ರೇಡಾರ್ ಅಳತೆಯ ನಂತರ ಇನ್ನು ನೂರು ವರ್ಷ ಅದರಿಂದ ಭಯವಿಲ್ಲ ಎಂದಾಗಿದೆ. ಆದರೆ ಹತ್ತಿರ ಬರುವುದು ಬರುತ್ತದೆ: ನೆಲದಿಂದ ಸುಮಾರು 32,000 ಕಿಲೋಮೀಟರ್, ಟೀವಿ ಉಪಗ್ರಹಗಳಿಗಿಂತ ಕೆಳಗೆ. ಯುರೋಪು, ಆಫ್ರಿಕ, ಪಶ್ಚಿಮ ಏಷ್ಯಾದವರಿಗೆ ಬರಿಗಣ್ಣಿಗೆ ಕಾಣುತ್ತದೆ. ನಮ್ಮ ಕಡೆಗೆ ಹಿಂದೂ ಮಹಾಸಾಗರದ ಮೇಲೆ ಬರುವಾಗ ಇನ್ನೂ ಮಂಕು, ಏಪ್ರಿಲ್ ಮೋಡವೂ ಬಿಡಬೇಕು. ತೀರ ಹತ್ತಿರ ಬರುವುದು 2029ರ ಏಪ್ರಿಲ್ 14ರ ಬೆಳಗಿನ ಜಾವ, ನಮ್ಮ ಸಮಯ ಮೂರೂಕಾಲು ಗಂಟೆಗೆ.

ರೈಟರು ಬೆರಳು ಮಡಚಿದರು. "ಏಪ್ರಿಲ್ ಹದಿನಾಲ್ಕು ಎಡಮ್ಯಾರ್ ಹೊಸ ವರ್ಷ ಅಲ್ವಾ ಅಣ್ಣ? ಸೂರ್ಯ ಹುಟ್ಟೋ ಮೊದಲು ಗದ್ದೆಗೆ ನೇಗಿಲು ಇಳಿಸಬೇಕು. ಹೇಗೂ ಮೂರಕ್ಕೆ ಎದ್ದಿರ್ತೀವಿ." ಟಾರ್ಪಾಲಿನ ಅಂಚಿಗೆ ಕಲ್ಲು ಹೇರಿ, ಟಾರ್ಚು ಹಾಕಿಕೊಂಡು ಲೈನ್ ಮನೆ ಕಡೆ ಹೋದರು.